ಊರಿಗೆಲ್ಲ ಒಂದೇ ಪಾಸ್‌ವರ್ಡ್

ಮಹಡಿ ಮನೆ ಮಿಸ್ ಅವರ ಬಲಗೈ ತೋರುಬೆರಳ ತುದಿ ಹುಣಸೆಬೀಜದ ಹಾಗೆ ಗಟ್ಟಿಯಾಗಿತ್ತು. ವರ್ಷಗಟ್ಟಲೆ ಶಾಲೆಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತ ಸೂಜಿ ಚುಚ್ಚಿಸಿಕೊಂಡ ಬೆರಳು ಅದು. ನಿವೃತ್ತರಾದ ಮೇಲೆ ಲ್ಯಾಪ್‌ಟಾಪ್ ಕೊಂಡು, ಆ ಒಂದೇ ಬೆರಳಿನಿಂದ ಅಕ್ಷರಗಳನ್ನು ಕುಟ್ಟುತ್ತಿದ್ದರು. ಹುಣಸೂರಿನ ಮನೆಗಳಿಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲ. ಅವರ ಕೆಳಗಿನ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ನಾನು ಪಿಯುಸಿ ಹುಡುಗಿ, ಓದಿಗೆ ಬೇಕಾದದ್ದನ್ನು ಹುಡುಕಲು ಮಹಡಿ ಹತ್ತುತ್ತಿದ್ದೆ.

ಮಿಸ್ ಮಹಾ ಸಿಡುಕಿ. ಗೇಟಿಗೆ ಬೀಗ ಹಾಕಿದರೆ ಜಗ್ಗಿ ನೋಡದೆ ಹೊರಡುತ್ತಿರಲಿಲ್ಲ. ವೈ-ಫೈ ಪೆಟ್ಟಿಗೆ ಕೂರಿಸಲು ಬಂದ ಹುಡುಗನನ್ನೂ, "ಇದ್ಕೆ ಬೀಗ ಎಲ್ಲಪ್ಪ?" ಎಂದು ಕೇಳಿದ್ದರು.

"ಪಾಸ್‌ವರ್ಡ್ ಆಕಿವ್ನಿ ಬುಡಿ ಮೇಡಂ. ಈ ಊರಲ್ಲಿ ಯಾರ್ ಬಂದು ನೋಡ್ತಾರೆ?" ಎಂದಿದ್ದ ಅವನು. ಊರಿನ ಹೆಸರು, ಅದರ ಮುಂದೆ ಒಂದು ಎರಡು ಮೂರು. ಇಷ್ಟೇ ಅವನು ಇಟ್ಟ ಪಾಸ್‌ವರ್ಡ್.

ಒಂದು ಸಂಜೆ ನಮ್ಮ ಬೀದಿಯ ಕಬ್ಬಿಣದಂಗಡಿ ಯಜಮಾನರು ಇಬ್ಬರನ್ನು ಕಟ್ಟಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತರು. ಅವರ ಮಗಳು ನನ್ನ ಸಹಪಾಠಿ. ಅವಳನ್ನು ಒಪ್ಪಿದ್ದ ಪಿರಿಯಾಪಟ್ಟಣದ ಗಂಡಿನ ಮನೆಗೆ ಯಾರೋ ಅವಳ ಬಗ್ಗೆ ಹೊಲಸು ಇ-ಮೇಲ್ ಕಳಿಸಿ, ಸಂಬಂಧ ಮುರಿದುಬಿದ್ದಿತ್ತು. ಬಲ್ಲವರಿಂದ ಪತ್ತೆ ಮಾಡಿಸಿದರೆ ಅದು ಹೋಗಿದ್ದು ಮಿಸ್ ಮನೆಯ ಸಂಪರ್ಕದಿಂದ. ಅಲ್ಲಿಗೆ ಅವರಿಗೆ ಕಳ್ಳಿ ಸಿಕ್ಕಿದಂತಾಯಿತು.

"ನಿಮ್ ಮಗಳೇ ಒಟ್ಟೆಕಿಚ್ಚಿಗೆ ಬರ್ದಿರೋದು ಕಣ್ರೀ. ಹೆಣ್ಮಕ್ಳ ಕೈಗೆ ಇಂಟರ್‌ನೆಟ್ ಕೊಟ್ರೆ ಇನ್ನೇನಾಯ್ತದೆ?" ಎಂದು ಅಪ್ಪನ ಮುಖಕ್ಕೇ ಹೇಳಿದರು.

ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಮೂಟೆ ಹೊರುವವರನ್ನೆಲ್ಲ ಗದರಿಸುವ ಅಪ್ಪ ಅಲ್ಲಿ ತಲೆ ತಗ್ಗಿಸಿ ನಿಂತ. ಅವರು ಹೋದ ಮೇಲೆ ನನ್ನತ್ತ ತಿರುಗಿ, "ನಾಳಿಂದ ಕಾಲೇಜು ಗೀಲೇಜು ಬ್ಯಾಡ. ಮನೇಲಿರು" ಎಂದ. ನೀನು ಬರೆದೆಯಾ ಎಂದು ಒಂದು ಮಾತು ಕೇಳಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಕೇಳಿದವರು ಮಿಸ್. ಗಲಾಟೆ ಕೇಳಿಸಿಕೊಂಡು ಕೆಳಗಿಳಿದು ಬಂದು, "ಬರ್ದಿದ್ದೀಯೇನೆ?" ಎಂದರು.

"ಇಲ್ಲ ಮಿಸ್."

"ಸರಿ" ಎಂದವರು ಮತ್ತೆ ಆ ಪ್ರಶ್ನೆ ಎತ್ತಲಿಲ್ಲ. ಅಪ್ಪನಿಗೆ ಮಾತ್ರ, "ಇವಳನ್ನ ಕಾಲೇಜು ಬುಡ್ಸಿದ್ರೆ ನೀವು ನನ್ ಮನೆ ಖಾಲಿ ಮಾಡಿ" ಎಂದು ಹೇಳಿ ಮೇಲೆ ಹೋದರು.

ಮರುದಿನ ಬೆಳಿಗ್ಗೆಯೇ ಮಿಸ್, ಪೆಟ್ಟಿಗೆ ಕೂರಿಸಿದ್ದ ಹುಡುಗನನ್ನು ಕರೆಸಿ ಜಾಲಾಡಿದರು. ಆಗ ಅವನು ಬಾಯಿಬಿಟ್ಟ. "ಎಲ್ರ ಮನೇಗೂ ಅದೇ ಪಾಸ್‌ವರ್ಡು ಮೇಡಂ. ರಿಪೇರಿಗೋದಾಗ ಮರ್ತೋಗದಂಗಿರ್ಲಿ ಅಂತ."

ನನಗೆ ಅಳು ಬಂತು. ಮಿಸ್‌ಗೆ ಬಂದದ್ದು ಕೋಪ. ಲ್ಯಾಪ್‌ಟಾಪನ್ನು ಸೆರಗಿನೊಳಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನ್ನನ್ನು ಎಳೆದುಕೊಂಡು ಕಬ್ಬಿಣದಂಗಡಿಯವರ ಮನೆಗೆ ನಡೆದರು. ಒಳಗೆ ಹೋಗಲಿಲ್ಲ. ಕಾಂಪೌಂಡಿನ ಹೊರಗೆ, ಬೀದಿಯಲ್ಲೇ ನಿಂತು ಯಜಮಾನರನ್ನು ಕೂಗಿ ಕರೆದರು. ಲ್ಯಾಪ್‌ಟಾಪನ್ನು ಗೇಟಿನ ಕಂಬದ ಮೇಲಿಟ್ಟು, ಅವರೆದುರಿಗೇ ಊರಿನ ಹೆಸರು, ಒಂದು ಎರಡು ಮೂರು ಕುಟ್ಟಿದರು. ಅವರ ಮನೆಯ ಸಂಪರ್ಕ ತೆರೆದುಕೊಂಡಿತು.

"ನೋಡ್ಕಳಿ. ಈಗ ಇಲ್ಲೇ ನಿಂತು ನಾನು ಯಾರಿಗಾದ್ರೂ ಒಲಸು ಬರೆದ್ರೆ ಅದು ನಿಮ್ ಎಸರಲ್ಲಿ ಓಯ್ತದೆ. ಬರೀಲಾ?" ಸಿಟ್ಟು ನೆತ್ತಿಗೇರಿದರೆ ಅವರ ಬಾಯಲ್ಲಿ ಹುಟ್ಟೂರು ಕಂಪಲಾಪುರ ಎದ್ದು ನಿಲ್ಲುತ್ತಿತ್ತು.

ಯಜಮಾನರ ಮುಖ ಬಿಳಿಚಿಕೊಂಡಿತು. "ಆಯ್ತು ಬುಡಿ ಮಿಸ್ಸೋರೆ, ಆಗಿದ್ದಾಯ್ತು."

"ಆಗಿದ್ದಾಯ್ತು ಅಂದ್ರೆ? ಈ ಹುಡ್ಗಿಗೆ ತಪ್ಪಾಯ್ತು ಅನ್ನಿ."

ಅವರು ಗೇಟು ಹಾಕಿಕೊಂಡು ಒಳಗೆ ಹೋದರು. ಇ-ಮೇಲ್ ಬರೆದ ಹೇಡಿ ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಬೀದಿ ತುಂಬ ನನ್ನ ಹೆಸರು ಆಡಿಕೊಂಡಿದ್ದವರು ಯಾರೂ ಬಂದು, ನಿನ್ನದೇನೂ ತಪ್ಪಿಲ್ಲವಂತೆ ಕಣಮ್ಮ ಎನ್ನಲಿಲ್ಲ. ಹುಡುಗಿಯ ಹೆಸರು ಕೆಡಿಸಲು ಓಡಿ ಬರುವ ಕಾಲುಗಳಿಗೆ ಆಮೇಲೆ ಅದೇನು ರೋಗ ಬರುತ್ತದೋ!

ನಾನು ಕಾಲೇಜಿಗೆ ಹೋದೆ. ಓದಿ, ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಶಾಲೆಯಲ್ಲಿ ಟೀಚರಾದೆ. ಗೇಟಿನ ಮುಂದೆ ಜಗಳವಾದ ದಿನವೇ ಮಿಸ್ ತಮ್ಮ ಪಾಸ್‌ವರ್ಡ್ ಬದಲಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಉದ್ದಾನುದ್ದ ಕನ್ನಡ ವಾಕ್ಯವೊಂದನ್ನು ಇಟ್ಟರು. ಹೇಳಿದ್ದು ನನಗೊಬ್ಬಳಿಗೇ. ನೆನಪಿಟ್ಟುಕೊಳ್ಳಲೇ ಎಂದು ಲ್ಯಾಪ್‌ಟಾಪ್ ಕೇಳಿದರೆ ಬೇಡವೆಂದು ಒತ್ತುತ್ತಿದ್ದರು. "ನೆನಪಿಟ್ಕಳಕ್ಕೆ ನಾನಿವ್ನಿ ಕಣೆ" ಎನ್ನುತ್ತಿದ್ದರು. ಇಂದು ನನ್ನ ಮನೆಯ ಟಿ.ವಿ.ಗೂ ಬಾಗಿಲ ಕ್ಯಾಮೆರಾಗೂ ಬೇರೆ ಬೇರೆ ಪಾಸ್‌ವರ್ಡ್ ಇದ್ದರೆ, ಅದು ಅವರು ಬೈದು ಕಲಿಸಿದ್ದು.

ಮಿಸ್ ತೀರಿಕೊಂಡ ದಿನ ಕಬ್ಬಿಣದಂಗಡಿಯವರು ದಪ್ಪ ಹಾರ ತಂದರು. "ದೊಡ್ಡ ಜೀವ ಓಯ್ತು" ಎಂದರು.

"ಅವರು ಕೇಳಿದ್ದ ಒಂದು ಮಾತು ನಿಮ್ಮಿಂದ ಬರಬೇಕಿತ್ತು" ಎಂದೆ.

"ಯಾವ ಕಾಲದ್ದು ಬುಡವ್ವ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ನಾನು ಮೇಲೆ ಹೋಗಿ ಪೆಟ್ಟಿಗೆ ಆರಿಸಿದೆ. ಸಂಪರ್ಕ ತೆಗೆಸಿಯಾಯಿತು, ಆದ್ದರಿಂದ ಆ ಪಾಸ್‌ವರ್ಡನ್ನು ಈಗ ಹೇಳಬಹುದು: ಕಬ್ಬಿಣದಂಗಡಿಯವನು ಇನ್ನೂ ತಪ್ಪಾಯ್ತು ಅಂದಿಲ್ಲ. ಅಷ್ಟು ವರ್ಷವೂ ದಿನಾ ಬೆಳಿಗ್ಗೆ ಮಿಸ್ ನನಗಾಗಿ ಅದನ್ನು ಒಂದೇ ಬೆರಳಿನಿಂದ, ಒಂದಕ್ಷರ ಬಿಡದೆ ಕುಟ್ಟಿದ್ದರು.