ದೇವರಿಗೂ ಒಂದು ಲೈಸೆನ್ಸ್

ಕೇಳಿ ಮಾರಾಯ್ರೇ, ಇವತ್ತು ಕಾರವಾರದ ನಮ್ಮ ಒಣಮೀನು ಆಫೀಸಿನಲ್ಲಿ ನಡೆದದ್ದು. ಹೋದ ವಾರ ನಮ್ಮ ಇಮೇಲಿನಿಂದ ಗೋವಾದ ವ್ಯಾಪಾರಿಗೆ ವೈರಸ್ ಹೋಗಿತ್ತು. ರಕ್ಷಣೆಯ ಸಾಫ್ಟ್‌ವೇರ್ ಹಾಕಿಸದಿದ್ದರೆ ಆರ್ಡರ್ ಇಲ್ಲ ಎಂದುಬಿಟ್ಟರು. ಅದನ್ನು ಮಾರುವವನು ಹುಬ್ಬಳ್ಳಿಯಿಂದ ಬಂದಿದ್ದ.

"ಒಂದು ಇಮೇಲಿಗೆ ಒಂದು ಲೈಸೆನ್ಸ್ ರೀ. ಐದರ ಪ್ಯಾಕ್, ಇಲ್ಲಾಂದ್ರ ಹತ್ತರದ್ದು. ನೀವು ಐದು ಮಂದಿ, ಇಮೇಲ್ ಆರು ಅದಾವು. ಇನ್ನೊಂದು ಯಾರ್ದು?"

"ದೇವ್ರದ್ದು" ಎಂದೆ. ದೋಣಿಯ ದುಡಿಮೆಯಲ್ಲಿ ದೇವರಿಗೊಂದು ಪಾಲು ಇಡುವವರು ನಾವು. ಇಮೇಲ್ ಮಾಡಿಸಿದಾಗಲೂ ಮೊದಲನೆಯದು ಊರ ದೇವರ ಹೆಸರಿಗೇ.

"ಅದನ್ನ ತೆಗದುಬಿಡ್ರಿ, ಐದ್ರಾಗ ಮುಗೀತದ."

"ನೀನೇ ತೆಗಿ ಮಾರಾಯ" ಎಂದಳು ಟೈಪಿಸ್ಟ್ ಶಾಂತಿ. "ಸಂಜೆಗೆ ವಾಪಸ್ ಹೋಗ್ತಾ ಅರಬೈಲ ಘಟ್ಟದ ತಿರುವೆಲ್ಲ ಹತ್ತೂಕಿದೆ ಅಲ್ವಾ ನಿಂಗೆ?"

ಅವನು ಮೌಸಿನಿಂದ ಕೈ ತೆಗೆದ.

ಹತ್ತರ ಪ್ಯಾಕಿನ ಬೆಲೆ ಕೇಳಿ ಯಜಮಾನರು ಬೆವರೊರೆಸಿಕೊಂಡರು. "ನಂದೇ ತೆಗೀರಿ. ನಂಗೆ ಯಾರ್ ಬರೀತ್ರು?"

ಆರ್ಡರ್ ಉಳಿಯಿತು. ಕುತೂಹಲಕ್ಕೆ ದೇವರ ಇಮೇಲ್ ತೆರೆಸಿದೆ. ಭಕ್ತರದು ಒಂದೂ ಇಲ್ಲ. ಲಾಟರಿ ಬಂದಿದೆ, ಸಾಲ ಕೊಡುತ್ತೇವೆ, ತೂಕ ಇಳಿಸುತ್ತೇವೆ ಎನ್ನುವವೇ ತುಂಬಿಕೊಂಡಿವೆ. ಇಷ್ಟು ಕಾಲ ಬೇಡುವವರನ್ನೇ ಕಂಡ ದೇವರಿಗೆ ಈಗ ಕೊಡುವವರ ಕಾಟ!