ಲ್ಯಾನ್ಸಿಯ ಸಿಗರೇಟು ಮತ್ತು ದುಬೈಯ ಶುಕ್ರವಾರ

ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಮೂರೂವರೆ ಗಂಟೆ. ಅಷ್ಟರಲ್ಲಿ ನನ್ನ ಗಂಡ ಲ್ಯಾನ್ಸಿ ಒಂದು ಪೊಟ್ಟಣ ಪೆಪ್ಪರ್‌ಮಿಂಟು, ನನ್ನ ಪಾಲಿನ ಬನ್ನು, ಕೊನೆಗೆ ತಮ್ಮದೇ ಹೆಬ್ಬೆರಳಿನ ಉಗುರನ್ನೂ ತಿಂದು ಮುಗಿಸಿದರು. ಪಕ್ಕದಲ್ಲಿ ಕೂತಿದ್ದ ಕುಂದಾಪುರದ ಯುವಕ, "ವಿಮಾನ ಹತ್ತೂದು ಇದೇ ಸುರುವಾ?" ಎಂದು ಕನಿಕರದಿಂದ ಕೇಳಿದ. "ವಿಮಾನದ ಹೆದರಿಕೆ ಅಲ್ಲ ಮಾರಾಯ, ತಪಸ್ಸು ಕಾಲ," ಎಂದರು ಲ್ಯಾನ್ಸಿ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಓದುವವರಿಗೂ ಆಗಿರಲಿಕ್ಕಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ.

ನಾವು ಕೊಂಕಣಿ ಮನೆಮಾತಿನ ಕಥೋಲಿಕರು. ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನ ನಮಗೆ ತಪಸ್ಸು ಕಾಲ. ಆಗ ಪ್ರತಿಯೊಬ್ಬರೂ ತಮಗೆ ಪ್ರೀತಿಯ ಒಂದನ್ನು ಬಿಡುವುದು ವಾಡಿಕೆ. ಕೆಲವರು ಮಾಂಸ ಬಿಡುತ್ತಾರೆ, ನಾನು ಟಿವಿ ಧಾರಾವಾಹಿ ಬಿಡುತ್ತೇನೆ, ಲ್ಯಾನ್ಸಿ ಸಿಗರೇಟು ಬಿಡುತ್ತಿದ್ದರು. ಮದುವೆಯಾದಂದಿನಿಂದ ನೋಡುತ್ತಿದ್ದೆ, ಆ ಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವರು ಈಸ್ಟರಿನ ಊಟ ಮುಗಿಸಿ ಬಾವಿಕಟ್ಟೆಯ ಮೇಲೆ ಕೂತು ಮತ್ತೆ ಹಚ್ಚುತ್ತಿದ್ದರು. ನಡುವೆ ಒಂದು ಕಿಂಡಿಯೂ ಉಂಟು. ನಲವತ್ತು ದಿನಗಳ ಲೆಕ್ಕಕ್ಕೆ ಆದಿತ್ಯವಾರಗಳು ಸೇರುವುದಿಲ್ಲ. ಅದು ಪ್ರಭುವಿನ ದಿನ, ಅಂದು ಉಪವಾಸ ಬೇಡ ಎಂಬುದು ಹಿಂದಿನವರ ರೂಢಿ. ಧರ್ಮಶಾಸ್ತ್ರದಲ್ಲಿ ಲ್ಯಾನ್ಸಿಗೆ ಕಂಠಪಾಠವಾಗಿದ್ದದ್ದು ಇದೊಂದೇ. ವಾರವಿಡೀ ಬಿಟ್ಟದ್ದನ್ನೆಲ್ಲ ಅವರು ಆದಿತ್ಯವಾರ ಬಡ್ಡಿ ಸಮೇತ ಸೇದಿ ಮುಗಿಸುತ್ತಿದ್ದರು.

ಇದೆಲ್ಲ ನನಗೂ ನಗೆಯ ವಿಷಯವೇ ಆಗಿತ್ತು. ಆದರೆ ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಅವರ ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು, ಪೂರ್ತಿ ಬಿಡದಿದ್ದರೆ ಶ್ವಾಸಕೋಶ ಹೆಚ್ಚು ಕಾಲ ತಡೆಯಲಿಕ್ಕಿಲ್ಲ ಎಂದರು. ಹೇಳಿದ್ದು ಅವರಿಗಾದರೂ ನೋಡಿದ್ದು ನನ್ನ ಮುಖ. ಚರ್ಚಿನ ಮೆಟ್ಟಿಲು ಹತ್ತುವಾಗ ಲ್ಯಾನ್ಸಿ ಅರ್ಧಕ್ಕೆ ನಿಂತು ಚಪ್ಪಲಿ ಸರಿಮಾಡುವ ನೆಪ ಹೂಡುವುದು ನನಗೆ ಮೊದಲೇ ಗೊತ್ತಿತ್ತು. ಹಾಗಾಗಿ ಆ ಸಲದ ಈಸ್ಟರ್ ನೆನೆದರೆ ನನಗೆ ಹೆದರಿಕೆಯಾಗುತ್ತಿತ್ತು. ಹಬ್ಬ ಮುಗಿದ ಮೇಲೆ ಇವರು ಮತ್ತೆ ಹಚ್ಚುತ್ತಾರಾ ಎಂಬ ಒಂದೇ ಪ್ರಶ್ನೆಯನ್ನು ಸೀರೆಗಳ ಜೊತೆ ಪೆಟ್ಟಿಗೆಗೆ ತುಂಬಿಕೊಂಡು ಹೊರಟಿದ್ದೆ.

ಹೊರಟದ್ದು ಮೊಮ್ಮಗನ ದೀಕ್ಷಾಸ್ನಾನಕ್ಕೆ. ಮಗ ರಾನ್ಸನ್, ಸೊಸೆ ಶರಲ್ ಇರುವುದು ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಟವರಿನಲ್ಲಿ. ನಮ್ಮವರಲ್ಲಿ ಚೊಚ್ಚಲ ಮಗುವಿಗೆ ಅಪ್ಪನ ಅಪ್ಪನೇ ಗಾಡ್‌ಫಾದರ್, ಅಮ್ಮನ ಅಮ್ಮನೇ ಗಾಡ್‌ಮದರ್. ಮಗುವಿನ ಪರವಾಗಿ ಪೀಠದ ಎದುರು ನಿಂತು, ಸೈತಾನನನ್ನು ತ್ಯಜಿಸುತ್ತೇನೆ ಎಂದು ಲ್ಯಾನ್ಸಿ ಹೇಳಬೇಕು. ಅದು ಈಸ್ಟರ್ ಕಳೆದ ಮೇಲಿನ ಶುಕ್ರವಾರಕ್ಕೆ ನಿಗದಿಯಾಗಿತ್ತು.

ನಾವು ಇಳಿದದ್ದು ಗುರುವಾರ. ಗಡಿಯಾರವನ್ನು ಒಂದೂವರೆ ಗಂಟೆ ಹಿಂದೆ ಇಟ್ಟೆವು. ಬಿಸಿಲಿತ್ತು, ಆದರೆ ನಮ್ಮ ಸೆಕೆಯ ಹಾಗೆ ಮೈಗಂಟುವ ಬಿಸಿಲಲ್ಲ. ಶರಲ್ ಮೀನು ಗಸಿ ಮಾಡಿಟ್ಟಿದ್ದಳು. ಮಗುವನ್ನು ಎತ್ತಿಕೊಳ್ಳುವ ಮೊದಲು ಲ್ಯಾನ್ಸಿ ತಾವಾಗಿಯೇ ಹೋಗಿ ಕೈ ತೊಳೆದು ಅಂಗಿ ಬದಲಿಸಿ ಬಂದರು. ಸೊಸೆ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ, ಆದರೂ ಅಂಗಿಗೆ ಹಿಡಿದ ಸಿಗರೇಟಿನ ವಾಸನೆ ಮಗುವಿಗೆ ತಾಗಬಾರದೆಂದು ಅವರಿಗೆ ಗೊತ್ತಾಯಿತೆಂಬುದು ನನಗೆ ಸಮಾಧಾನ ತಂದಿತು.

ಮರುದಿನ ಶುಕ್ರವಾರ ಬೆಳಿಗ್ಗೆಯೇ ಎಲ್ಲರೂ ಚರ್ಚಿಗೆ ಹೊರಟೆವು. ಅಲ್ಲಿ ಆಗ ವಾರದ ರಜೆ ಶುಕ್ರವಾರ. ಆದಿತ್ಯವಾರ ದೊಡ್ಡವರಿಗೆ ಆಫೀಸು, ಮಕ್ಕಳಿಗೆ ಶಾಲೆ. ಅದಕ್ಕೇ ಆದಿತ್ಯವಾರದ ಪೂಜೆಯನ್ನು ಶುಕ್ರವಾರವೇ ಇಡುತ್ತಿದ್ದರು. ಕಾರು ನಿಲ್ಲಿಸಲು ಜಾಗ ಸಿಗದೆ ಎಷ್ಟೋ ದೂರ ಮರಳಿನಲ್ಲಿ ನಡೆದೆವು. ಒಳಗೆ ಹೋದರೆ ಜನಸಾಗರ. ಫಿಲಿಪೀನ್ಸಿನವರು, ಮಲಯಾಳಿಗಳು, ಗೋವಾದವರು, ಆಫ್ರಿಕಾದವರು, ಅವರ ನಡುವೆ ನಮ್ಮ ಊರಿನ ಪರಿಚಿತ ಮೂಗುಗಳು. ಈಸ್ಟರಿಗೆ ಒಂದು ವಾರ ಮೊದಲು ಎಲ್ಲರ ಕೈಗೂ ಗರಿ ಕೊಡುವ, ಗರಿಗಳ ಆದಿತ್ಯವಾರದ ಪೂಜೆ ಅಂದು. ಶುಕ್ರವಾರ ಬೆಳಿಗ್ಗೆ ಕೈಗೆ ಗರಿ ಸಿಕ್ಕಿದಾಗ ನನಗೆ ಕ್ಯಾಲೆಂಡರೇ ತಲೆಕೆಳಗಾದಂತೆ ಅನಿಸಿತು.

ಪೂಜೆ ಮುಗಿದು ಕಾರಿನ ಹತ್ತಿರ ಬಂದಾಗ ಲ್ಯಾನ್ಸಿಯ ಕಣ್ಣಲ್ಲಿ ಹೊಳಪು ಕಂಡಿತು.

"ಸೆಲಿನ್, ಇವತ್ತು ಇಲ್ಲಿ ಆದಿತ್ಯವಾರ," ಎಂದರು.

"ಕ್ಯಾಲೆಂಡರ್‌ನಲ್ಲಿ ಶುಕ್ರವಾರ ಉಂಟು."

"ಪಾದ್ರಿ ಆದಿತ್ಯವಾರದ ಪೂಜೆ ಮಾಡಿದ್ರು, ಆದಿತ್ಯವಾರದ ಗರಿ ಕೊಟ್ರು, ನಾನು ಆದಿತ್ಯವಾರದ ಕಾಣಿಕೆ ಹಾಕಿದೆ. ಇನ್ನು ನಿನಗೆ ಎಂತ ಬೇಕು?"

"ಆಯ್ತು," ಎಂದೆ ನಾನು. "ಹಾಗಾದ್ರೆ ನಾಡಿದ್ದು ಆದಿತ್ಯವಾರ ಅಂತ ಪುನಃ ಶುರು ಮಾಡ್ಬೇಡಿ. ಈಸ್ಟರ್ ಬರುವವರೆಗೆ ಶುಕ್ರವಾರ ಮಾತ್ರ ನಿಮ್ಮ ಆದಿತ್ಯವಾರ. ಒಪ್ಪಿಗೆಯಾ?"

ಎರಡು ದಿನ ಕಾಯುವುದು ತಪ್ಪಿತಲ್ಲ ಎಂಬ ಆತುರದಲ್ಲಿ ಲ್ಯಾನ್ಸಿ ಒಪ್ಪಿದರು. ರಾನ್ಸನ್ ಸಾಕ್ಷಿಯಾದ. "ಪಪ್ಪಾ, ಡೀಲ್ ಈಸ್ ಡೀಲ್, ಆಮೇಲೆ ನಾಟಕ ಬೇಡ," ಎಂದ. ಲ್ಯಾನ್ಸಿ ಆ ದಿನ ಟವರಿನ ಕೆಳಗೆ, ಕಸದ ಡಬ್ಬಿಗಳ ಪಕ್ಕದಲ್ಲಿ ಸೇದುವವರಿಗೆಂದು ಬಿಟ್ಟ ಮೂಲೆಗೆ ಎಷ್ಟು ಸಲ ಇಳಿದರೆಂದು ನಾನು ಲೆಕ್ಕ ಇಡಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನ ತಲೆಗೂ ಆ ಒಪ್ಪಂದದೊಳಗೆ ಅಡಗಿದ್ದ ತಮಾಷೆ ಆಗ ಹೊಳೆದಿರಲಿಲ್ಲ.

ಅದು ಹೊರಬಿದ್ದದ್ದು ಬುಧವಾರ, ಬರ್ ದುಬೈಯಲ್ಲಿ. ಭಟ್ಕಳದ ಜಾಫರ್ ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಮಂಗಳೂರಿನಲ್ಲಿ ಕಾಲೇಜು ಓದುವಾಗ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವನು. ಲ್ಯಾನ್ಸಿಯ ಪ್ಯಾಕೆಟ್ಟಿನಿಂದ ಕದ್ದು ಸಿಗರೇಟು ಕಲಿತವನೂ ಹೌದು, ಆಮೇಲೆ ಬಿಟ್ಟವನೂ ಹೌದು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನಮ್ಮನ್ನು ಕರಕೊಂಡು ಹೊರಟ. ದೇವಸ್ಥಾನದ ಓಣಿಯಲ್ಲಿ ಮಲ್ಲಿಗೆ ಮಾರುವವರಿದ್ದರು, ಅಗರಬತ್ತಿಯ ವಾಸನೆ ಇತ್ತು. ಒಂದು ಕ್ಷಣ ಮಂಗಳೂರಿನ ಕಾರ್‌ಸ್ಟ್ರೀಟಿನಲ್ಲಿ ಇದ್ದೇನೆ ಅನಿಸಿತು. ಓಣಿ ದಾಟಿದರೆ ಕಡಲಿನ ಕೊಲ್ಲಿ. ಅದನ್ನು ದಾಟಿಸುವ ಮರದ ದೋಣಿಗೆ ಆಬ್ರಾ ಎನ್ನುತ್ತಾರೆ, ತಲೆಗೆ ಒಂದು ದಿರ್ಹಮ್. "ಯಲ್ಲಾ ಆಂಟಿ, ಹತ್ತಿ!" ಎಂದು ಜಾಫರ್ ಕೈ ಹಿಡಿದು ಹತ್ತಿಸಿದ.

ತಣ್ಣನೆಯ ಗಾಳಿ ಬೀಸುತ್ತಿತ್ತು. ಎದುರಿಗೆ ಕೂತ ಒಬ್ಬರು ಸಿಗರೇಟನ್ನು ಬಾಯಿಗಿಟ್ಟು, ದೋಣಿಯವನು ಗದರಿದ ಮೇಲೆ ಕಿಸೆಗೆ ಸೇರಿಸಿದರು. ಲ್ಯಾನ್ಸಿ ಅದನ್ನು ಆಸೆಗಣ್ಣಿನಿಂದ ನೋಡಿ, "ಅಡ್ಡಿಯಿಲ್ಲ, ನಾಡಿದ್ದು ಶುಕ್ರವಾರ ಬಂತಲ್ಲ," ಎಂದು ಕೈ ಉಜ್ಜಿಕೊಂಡರು.

"ಯಾವ ಶುಕ್ರವಾರ?" ಎಂದೆ ನಾನು. ಕೇಳುತ್ತಿದ್ದಂತೆ ನನಗೇ ಹೊಳೆದು ನಗು ಉಕ್ಕಿ ಬಂತು.

ಲ್ಯಾನ್ಸಿಯ ಮುಖದಿಂದ ಬಣ್ಣ ಇಳಿಯಿತು. ನಾಡಿದ್ದು ಶುಭ ಶುಕ್ರವಾರ. ಯೇಸು ಶಿಲುಬೆಯಲ್ಲಿ ಪ್ರಾಣ ಬಿಟ್ಟ ದಿನ. ಇಡೀ ವರ್ಷದಲ್ಲಿ ಅದಕ್ಕಿಂತ ಕಠಿಣವಾದ ಉಪವಾಸ ನಮಗೆ ಇನ್ನೊಂದಿಲ್ಲ. ತಪಸ್ಸು ಕಾಲದಲ್ಲಿ ಮಾಂಸ ಬಿಡದವರೂ ಅಂದು ಬಿಡುತ್ತಾರೆ, ಕುಡುಕರೂ ಅಂದು ಬಾಟಲಿ ಮುಟ್ಟುವುದಿಲ್ಲ. ಆದಿತ್ಯವಾರವನ್ನು ಕೊಟ್ಟು ಶುಕ್ರವಾರವನ್ನು ತಗೊಂಡ ಲ್ಯಾನ್ಸಿಯ ಪಾಲಿಗೆ ಬಂದದ್ದು ಆ ಶುಕ್ರವಾರ!

ವಿಷಯ ಕೇಳಿ ಜಾಫರ್ ದೋಣಿ ಅಲ್ಲಾಡುವಷ್ಟು ನಕ್ಕ. "ಅಂಕಲ್, ನಮ್ಮ ರಂಜಾನಲ್ಲಿ ಈ ತಕರಾರೇ ಇಲ್ಲ. ಹಗಲು ಅಂದ್ರೆ ಹಗಲು, ಯಾವ ವಾರಕ್ಕೂ ಮಾಫಿ ಇಲ್ಲ."

"ನೀನು ಹೇಗೆ ಬಿಟ್ಟೆ ಮಾರಾಯ?" ಎಂದು ಲ್ಯಾನ್ಸಿ ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

"ನನ್ನ ಕೈಲಿ ಬಿಡಲಿಕ್ಕೆ ಆಗ್ಲೇ ಇಲ್ಲ ಅಂಕಲ್," ಎಂದ ಜಾಫರ್. "ಅಲ್ಲಾನ ಹತ್ತಿರ ಕೂತು ಅತ್ತೆ, ಅಷ್ಟೇ. ನೀವು ನಿಮ್ಮ ದೇವರ ಹತ್ತಿರ ಒಂದು ಸಲ ಅತ್ತು ನೋಡಿ." ಲ್ಯಾನ್ಸಿ ನೀರು ನೋಡುತ್ತ ಕೂತರು.

ಶುಭ ಶುಕ್ರವಾರ ಮಧ್ಯಾಹ್ನ ಚರ್ಚಿನ ಅಂಗಳ ಕಾದ ಹೆಂಚಿನಂತಿತ್ತು. ಶಿಲುಬೆಗೆ ಮುತ್ತಿಡಲು ನಿಂತವರ ಸಾಲು ಬಾಗಿಲು ದಾಟಿ ಬಿಸಿಲಿಗೆ ಬಂದಿತ್ತು. ಅಷ್ಟೊಂದು ಜನರಿದ್ದರೂ ಗಲಾಟೆ ಇರಲಿಲ್ಲ. ನಮ್ಮ ಸರದಿ ಬಂದಾಗ ನಾನು ಮುತ್ತಿಟ್ಟು ಪಕ್ಕಕ್ಕೆ ಸರಿದೆ. ಲ್ಯಾನ್ಸಿ ಮೊಣಕಾಲೂರಿ ಬಗ್ಗಿದವರು ಏಳಲೇ ಇಲ್ಲ. ಹಣೆಯನ್ನು ಆ ಮರಕ್ಕೆ ಒತ್ತಿ ಹಾಗೇ ಇದ್ದರು. ಹಿಂದಿನ ಫಿಲಿಪೀನ್ಸಿನ ಹೆಂಗಸು ಅವಸರ ಮಾಡದೆ ಕಾದಳು. ಎದ್ದಾಗ ಅವರ ಕೆನ್ನೆ ಒದ್ದೆಯಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ನಾನೇ ಕೇಳಿದೆ, "ಎಂತ ಹರಕೆ ಹೇಳಿದ್ರಿ?"

"ಹರಕೆ ಹೇಳ್ಲಿಲ್ಲ. ಪ್ರತಿ ವರ್ಷ ನಾನು ಬಿಡ್ತೇನೆ, ನಾನು ಬಿಡ್ತೇನೆ ಅಂತ ಹೇಳಿ ಹೇಳಿ ನನಗೇ ನಾಚಿಕೆ ಆಗ್ತದೆ. ಈ ಸಲ ಕೇಳಿಕೊಂಡೆ. ಪ್ರಭುವೇ, ನನ್ನಿಂದ ಆಗೂದಿಲ್ಲ, ನೀನೇ ಬಿಡಿಸು ಅಂತ." ಅದನ್ನು ಹೇಳುವಾಗ ಅವರ ದನಿಯಲ್ಲಿ ಎಂದಿನ ಹುಡುಗಾಟ ಇರಲಿಲ್ಲ.

ಶನಿವಾರ ಸಂಜೆಯೇ ಈಸ್ಟರಿನ ಪೂಜೆ ಮುಗಿಯಿತು. ಆದಿತ್ಯವಾರ ಪ್ರಭುವಿನ ಪುನರುತ್ಥಾನದ ದಿನ ರಾನ್ಸನ್ ಟೈ ಕಟ್ಟಿಕೊಂಡು ಆಫೀಸಿಗೆ ಹೋದ. ನಾವಿಬ್ಬರು ಅಬುಧಾಬಿಗೆ ಹೊರಟೆವು. ಲ್ಯಾನ್ಸಿಯ ತಂಗಿ ಐರಿನ್ ಅಲ್ಲಿ ನರ್ಸು. ಬರ್ ದುಬೈಯ ಬಸ್ ನಿಲ್ದಾಣದಿಂದ ತಲೆಗೆ ಇಪ್ಪತ್ತೈದು ದಿರ್ಹಮ್, ಸುಮಾರು ಎರಡು ಗಂಟೆಯ ದಾರಿ. ಬಸ್ಸು ಎಷ್ಟು ತಣ್ಣಗಿತ್ತೆಂದರೆ ಏಪ್ರಿಲ್ ತಿಂಗಳಲ್ಲಿ ನಾನು ಸೆರಗನ್ನು ಕಿವಿಗೆ ಸುತ್ತಿಕೊಂಡೆ. ಹೊರಗೆ ಮರಳು, ಮರಳಿನ ನಡುವೆ ನೀರುಣಿಸಿ ಸಾಕಿದ ಖರ್ಜೂರದ ಮರಗಳು. ನನ್ನ ಕಣ್ಣು ಮಾತ್ರ ಲ್ಯಾನ್ಸಿಯ ಪ್ಯಾಂಟಿನ ಕಿಸೆಯ ಮೇಲೆ. ಅದರಲ್ಲಿ ಪ್ಯಾಕೆಟ್ಟಿನ ಚೌಕ ಎದ್ದು ಕಾಣುತ್ತಿತ್ತು. ಇನ್ನು ಅವರನ್ನು ತಡೆಯಲು ತಪಸ್ಸು ಕಾಲವೂ ಇಲ್ಲ, ಒಪ್ಪಂದವೂ ಇಲ್ಲ.

ಐರಿನ್ ಹಬೆಯಲ್ಲಿ ಬೇಯಿಸಿದ ಸನ್ನಾ, ಕೋಳಿ ಸಾರು ಮಾಡಿದ್ದಳು. ಊಟ ಮುಗಿದು ಅವಳು ಡ್ಯೂಟಿಗೆ ಹೊರಟ ಮೇಲೆ ನಾವು ಕಾರ್ನಿಶ್ ಎಂಬ ಕಡಲ ದಂಡೆಗೆ ನಡೆದೆವು. ಹಸಿರು ಮಿಶ್ರಿತ ನೀಲಿ ನೀರು, ಕಸವಿಲ್ಲದ ಹಾದಿ, ಸೈಕಲ್ ಹೊಡೆಯುವ ಮಕ್ಕಳು. ಬೆಂಚಿನಲ್ಲಿ ಕೂತು ಲ್ಯಾನ್ಸಿ ಪ್ಯಾಕೆಟ್ ತೆಗೆದರು. ಒಂದು ಸಿಗರೇಟನ್ನು ಬೆರಳುಗಳ ನಡುವೆ ಹಿಡಿದರು. ನಾನು ಕಡಲಿಗೆ ಮುಖ ಮಾಡಿ ಕೂತೆ. ಎಷ್ಟು ಹೊತ್ತಾದರೂ ಲೈಟರಿನ ಸದ್ದು ಕೇಳಿಸಲಿಲ್ಲ.

"ಹಚ್ಚೂದಿಲ್ವಾ?" ಎಂದು ಕೊನೆಗೆ ನಾನೇ ಕೇಳಿಬಿಟ್ಟೆ. ಹೆಂಗಸಿನ ನಾಲಿಗೆ ನೋಡಿ!

"ಬೇಕು ಅನಿಸ್ತದೆ ಸೆಲಿನ್, ತುಂಬಾ ಬೇಕು ಅನಿಸ್ತದೆ. ಆದ್ರೆ ಮೊನ್ನೆ ಅಷ್ಟು ಕೇಳಿಕೊಂಡು ಬಂದಿದ್ದೇನೆ. ಉತ್ತರ ಬರುವವರೆಗಾದರೂ ಕಾಯ್ಬೇಡ್ವಾ? ನಡುವೆ ಎದ್ದು ಹೋದ್ರೆ ಮರ್ಯಾದೆ ಅಲ್ಲ."

ಸಿಗರೇಟು ಪ್ಯಾಕೆಟ್ಟಿಗೆ, ಪ್ಯಾಕೆಟ್ಟು ಕಿಸೆಗೆ ಹಿಂದೆ ಹೋಯಿತು. ಸೋಮವಾರ ಬೆಳಿಗ್ಗೆ ಚಹಾ ಕೊಡುವಾಗ, "ಉತ್ತರ ಬಂತಾ?" ಎಂದು ಕೇಳಿದೆ. "ಇಲ್ಲ, ಕಾಯ್ತಾ ಇದ್ದೇನೆ," ಎಂದರು. ಮಂಗಳವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಸಿಡುಕು ಮಾತ್ರ ವಿಪರೀತ ಇತ್ತು. ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ನನ್ನ ಮೇಲೆ, ನಿಧಾನ ಎಂದು ಲಿಫ್ಟಿನ ಮೇಲೆ ರೇಗಿದರು. ಅಳುವ ಮೊಮ್ಮಗನೊಬ್ಬನನ್ನು ಬಿಟ್ಟು ಎಲ್ಲರೊಡನೆ ಜಗಳವಾಡಿದರು. ಅವರು ಏನು ಹೇಳಿದರೂ ನಾನು ಸಹಿಸಿಕೊಂಡೆ. ಬುಧವಾರ ಜಾಫರ್ ಒಂದು ಡಬ್ಬಿ ಖರ್ಜೂರ ಕಳಿಸಿದ. ಕೈ ಕಿಸೆಗೆ ಹೋದಾಗಲೆಲ್ಲ ಒಂದು ಖರ್ಜೂರ ಬಾಯಿಗೆ ಹೋಗತೊಡಗಿತು.

ಗುರುವಾರ ಬೆಳಿಗ್ಗೆ ಶರಲ್ ಕೂಗಿಕೊಂಡಳು. ವಾಷಿಂಗ್ ಮೆಶಿನ್ನಿನಿಂದ ತೆಗೆದ ರಾನ್ಸನ್‌ನ ಬಿಳಿ ಅಂಗಿಗಳ ತುಂಬ ಕಂದು ಬಣ್ಣದ ಚೂರುಗಳು ಅಂಟಿದ್ದವು. ತಂಬಾಕು! ಲ್ಯಾನ್ಸಿ ತಮ್ಮ ಪ್ಯಾಂಟನ್ನು ಪ್ಯಾಕೆಟ್ ಸಮೇತ ಒಗೆಯಲು ಹಾಕಿದ್ದರು.

"ಪಪ್ಪಾ, ಇದೆಂತದು? ಕಿಸೆ ನೋಡ್ಬಾರ್ದಾ?" ಎಂದಳು ಸೊಸೆ, ಅಳುವುದೋ ನಗುವುದೋ ತಿಳಿಯದೆ.

ಲ್ಯಾನ್ಸಿ ಆ ಒದ್ದೆ ಪ್ಯಾಕೆಟ್ಟನ್ನು ಅಂಗೈಯಲ್ಲಿಟ್ಟು ನೋಡುತ್ತ ನಿಂತರು. ಪರ್ಸು ಮರೆತ ದಿನ ಉಂಟು, ಕನ್ನಡಕ ಮರೆತ ದಿನ ಉಂಟು, ಒಮ್ಮೆ ನೆಂಟರ ಮದುವೆಮನೆಯಲ್ಲಿ ನನ್ನನ್ನೇ ಮರೆತು ಬಂದದ್ದುಂಟು. ಸಿಗರೇಟು ಪ್ಯಾಕೆಟ್ಟನ್ನು ಈ ಮನುಷ್ಯ ಒಂದು ದಿನ ಮರೆತವರಲ್ಲ.

"ಮರೆತೇ ಹೋಯ್ತು ಸೆಲಿನ್," ಎಂದರು. "ಕಿಸೆಯಲ್ಲಿ ಉಂಟು ಅಂತಲೇ ನೆನಪಾಗ್ಲಿಲ್ಲ."

ಉತ್ತರ ಬಂತಾ ಎಂದು ನಾನು ಅಂದು ಕೇಳಲಿಲ್ಲ. ಅಂಗಿ ಜಾಡಿಸುವ ನೆಪದಲ್ಲಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಮನಸಾರೆ ಅತ್ತೆ. ಸಂತೋಷಕ್ಕೆ ಅತ್ತೆ, ದೇವರಿಗೆ ಬಾಯಿತುಂಬ ಥ್ಯಾಂಕ್ಸ್ ಹೇಳಿದೆ.

ಶುಕ್ರವಾರ ದೀಕ್ಷಾಸ್ನಾನ. ಲ್ಯಾನ್ಸಿ ಸೂಟು ಹಾಕಿ, ಮೊಮ್ಮಗನ ಪಕ್ಕದಲ್ಲಿ ಮೇಣದಬತ್ತಿ ಹಿಡಿದು ನಿಂತರು. ಸೈತಾನನನ್ನು ತ್ಯಜಿಸುತ್ತೀರಾ ಎಂದು ಪಾದ್ರಿ ಕೇಳಿದರು. ತ್ಯಜಿಸುತ್ತೇನೆ ಎಂದರು. ಅವನ ಎಲ್ಲ ಕೆಲಸಗಳನ್ನು? ತ್ಯಜಿಸುತ್ತೇನೆ. ಅವನ ಪೊಳ್ಳು ಆಮಿಷಗಳನ್ನು? ಪಾದ್ರಿ ಪ್ರಶ್ನೆ ಮುಗಿಸುವ ಮೊದಲೇ ಲ್ಯಾನ್ಸಿ "ತ್ಯಜಿಸುತ್ತೇನೆ!" ಎಂದು ಅಬ್ಬರಿಸಿದ ರಭಸಕ್ಕೆ ಮಗು ಬೆಚ್ಚಿ ಕಿಟಾರನೆ ಕಿರುಚಿತು, ಗಾಡ್‌ಮದರ್ ಆಗಲು ಊರಿನಿಂದ ಬಂದಿದ್ದ ಶರಲಳ ಅಮ್ಮನ ಕೈಯ ಮೇಣದಬತ್ತಿ ಆರಿತು, ಪಾದ್ರಿಯೂ ನಗು ತಡೆಯಲಾರದೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಪೂಜೆಗೆ ಬಂದಿದ್ದ ಜನರಿಗೆ ಇವರಿಗೇಕೆ ಇಷ್ಟು ಸಿಟ್ಟು ಎಂದು ಅನಿಸಿರಬೇಕು.

ಶನಿವಾರ ಹೊರಟೆವು. ವಿಮಾನ ಏರಿದ ಮೇಲೆ ಲ್ಯಾನ್ಸಿ ಚಿಂತೆಗೆ ಬಿದ್ದರು. "ಬರುವ ವರ್ಷ ತಪಸ್ಸು ಕಾಲಕ್ಕೆ ನಾನು ಬಿಡೂದು ಎಂತದ್ದು? ಎಂತದೂ ಉಳಿದಿಲ್ವಲ್ಲ!"

"ಮೀನು ಬಿಡಿ," ಎಂದೆ.

"ಹುಚ್ಚಾ ನಿನಗೆ?" ಎಂದು ಗಾಬರಿಯಿಂದ ಶಿಲುಬೆ ಗುರುತು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ಅವರು ಹೀಗೆ ಒರಗಿದಾಗ ಮುಖವನ್ನು ಆಚೆ ತಿರುಗಿಸುವುದು ನನಗೆ ಎಷ್ಟೋ ವರ್ಷದ ಅಭ್ಯಾಸ. ಅಂದೂ ಕಿಟಕಿಯ ಕಡೆ ತಿರುಗಿದೆ. ಆಮೇಲೆ ಏನೋ ಅನಿಸಿ ಮೆಲ್ಲಗೆ ಈಚೆ ತಿರುಗಿ ಅವರ ಕೂದಲಿಗೆ ಮೂಗು ತಾಗಿಸಿದೆ. ತೆಂಗಿನೆಣ್ಣೆ, ಸಾಬೂನು, ಅದರ ಕೆಳಗೆ ಬೆವರಿನ ಜೊತೆ ಬೆರೆತ ಇನ್ನೊಂದು ವಾಸನೆ. ಅದು ನನಗೆ ಹೊಸತು. ನನ್ನ ಗಂಡನ ಮೈವಾಸನೆ ಹೇಗಿರುತ್ತದೆಂದು, ಮೊಮ್ಮಗ ಹುಟ್ಟಿದ ಮೇಲೆ, ಅರಬ್ಬಿ ಸಮುದ್ರದ ಮೇಲೆ ನನಗೆ ಮೊದಲ ಸಲ ಗೊತ್ತಾಯಿತು.