ಸರ್ವರಿಗೆ ಹಚ್ಚಿದ ಭೋಂಗಾ

ನನ್ನ ಮುಂದಿನ ಹಲ್ಲು ಹಾರಿಸಿದಾಂವ ಕಳ್ಳ ಅಲ್ಲ, ಗೂಂಡಾ ಅಲ್ಲ. ನಮ್ಮ ಕಾಕಾ. ಅದೂ ಸರ್ವರಿನ ಸಲುವಾಗಿ!

ಸಾಂಗ್ಲಿ ಮಾರ್ಕೆಟ್ಟಿನ್ಯಾಗ ನಮ್ಮದು ಅರಿಷಿಣದ ಅಡತಿ ಅಂಗಡಿ, ರೈತರ ಮಾಲು ಲಿಲಾವಿನ್ಯಾಗ ಸವಾಲು ಕೂಗಿ ಮಾರೂದು. ಲೆಕ್ಕ ಎಲ್ಲಾ ಮಾಳಿಗಿ ಮ್ಯಾಲಿನ ಸರ್ವರಿನ್ಯಾಗ, ಅದನ್ನ ನೋಡ್ಕೊಳ್ಳಾಕಿ ನಾನು. ಒಮ್ಮೆ ಹೊರಗಿನ ಯಾವನೋ ಹಾಳಾದಾಂವ ಇಂಟರ್ನೆಟ್ಟಿನಿಂದ ಒಳಗ ನುಗ್ಗಿ ಫೈಲಿಗೆಲ್ಲಾ ಕೀಲಿ ಜಡದು ಹೋದ. ಆಮ್ಯಾಲ ಕಾವಲಿಗೆ ಏನು ಹಾಕೂದು ಅಂತ ಜಗಳ ಶುರು ಆತು. ನಾನು ಎರಡು ಸಾಫ್ಟ್‌ವೇರ್ ಆರಿಸಿದ್ದೆ. ಒಂದು ಮಶೀನಿನ ಕಾವು, ಡಿಸ್ಕು, ಮೆಮರಿ ನೋಡತಿತ್ತು. ಇನ್ನೊಂದು ತಪ್ಪು ಪಾಸ್‌ವರ್ಡ್ ಹಾಕಿ ಬಾಗಲಾ ಬಡಿಯೋರನ್ನ ಹಿಡೀತಿತ್ತು. ಏನರ ಆದ್ರ ಫೋನಿಗೆ ಮೆಸೇಜ್.

"ಮೆಸೇಜ್ ಯಾಂವ ನೋಡ್ತಾನ? ಲಿಲಾವು ನಡದಾಗ ನನ್ನ ಧ್ವನಿ ನನಗ ಕೇಳೂದಿಲ್ಲ. ಭೋಂಗಾ ಹಚ್ಚು ಪೋರಿ, ಸೈರನ್ನು! ಊರಿಗೆ ಊರ ಕೇಳಬೇಕು," ಅಂದ ಕಾಕಾ.

"ಕಾಕಾ, ಕೃಷ್ಣಾ ಹೊಳಿ ಏರಿದ್ರೂ ಭೋಂಗಾನ ಕೂಗ್ತದರಿ. ಮಂದಿ ಹೊಳಿ ಬಂತಂತ ತಿಳೀತಾರ."

"ನನಗ ಶಾಣ್ಯಾತನ ಕಲಿಸಬ್ಯಾಡ!" ತಾನ ನಿಂತು ನನ್ನ ಸಾಫ್ಟ್‌ವೇರಿಗೆ ಭೋಂಗಾ ಹಚ್ಚಿಸಿದ.

ಮಳಿ ಹಿಡೀತು, ಹೊಳಿ ಏರಾಕತ್ತಿತು. ಹೊಳಿ ಆಚಿ ಸಾಂಗ್ಲಿವಾಡಿ ಮನ್ಯಾಗ ಕಾಕಾನ ಹೆಣ್ತಿ, ನಮ್ಮ ಕಾಕು, ಒಬ್ಬಾಕೀನ ಇದ್ದಳು. ಹಿಂದಿನ ಮಹಾಪೂರದಾಗ ಆಕಿ ಮನಿ ಮಾಳಿಗಿ ಹತ್ತಿ ಜೀವಾ ಹಿಡಕೊಂಡು ಕುಂತಾಗ, ಕಾಕಾ ಇಲ್ಲಿ ಅರಿಷಿಣದ ಚೀಲ ಮ್ಯಾಲ ಏರಸ್ಕೋತ ಉಳದಿದ್ದ. ಅದನ್ನ ಆಕಿ ಮರೆತಿರಲಿಲ್ಲ.

ಒಂದು ಮಧ್ಯಾಹ್ನ ಲಿಲಾವು ಜೋರು ನಡದಾಗ ಭೋಂಗಾ ಹೊಡಕೊಂತು.

"ನೀರ ಬಂತೋ!" ಹಮಾಲರು ಹೊತ್ತ ಚೀಲ ಅಲ್ಲೇ ಒಗದರು. ಒಬ್ಬನ ಕಾಲ ಮ್ಯಾಲ ಚೀಲ ಬಿತ್ತು, ಎಲುಬು ಮುರದ ಸಪ್ಪಳ ನನಗ ಕೇಳಿಸ್ತು. ಬಿದ್ದಾವನ್ನ ತುಳಕೋತನ ಮಂದಿ ಶಟರಿನ ಕಡೆ ಓಡಿದರು. ಮುಂದ ಯಾರಂತೀರಿ? ಭೋಂಗಾ ಹಚ್ಚಿಸಿದ ಮಹಾಪುರುಷನ! ಒಬ್ಬನ ಹೊಟ್ಟಿಗೆ ಮೊಣಕೈ, ಇನ್ನೊಬ್ಬನ ಕೂದಲಾ ಹಿಡದು ಜಗ್ಗಿ ಹಿಂದ.

ನನ್ನ ಫೋನಿಗೆ ಮೆಸೇಜ್ ಬಂದಿತ್ತು. ನಾನು ಶಟರಿಗೆ ಅಡ್ಡ ನಿಂತೆ. "ಕಾಕಾ, ನೀರಲ್ಲರಿ, ಸರ್ವರು!"

ಮುಷ್ಟಿ ಬೀಸಿದ. ನನ್ನ ಹಲ್ಲು ಹಾರಿತು, ಬಾಯಿ ತುಂಬ ರಕ್ತ. ನಾನೂ ಬಿಡಲಿಲ್ಲ, ಮೊಣಕಾಲಿಗೆ ಝಾಡಿಸಿ ಒದ್ದೆ. ಕುಂಟಕೋತನ ಸಾಂಗ್ಲಿವಾಡಿ ಸೇತುವಿ ಕಡೆ ಓಡಿದ.

ಮ್ಯಾಲ ಹೋಗಿ ನೋಡಿದ್ರ, ಯಾವನೋ ಹೊರಗಿಂದ ಪಾಸ್‌ವರ್ಡ್ ಹಾಕಿ ಹಾಕಿ ಸೋತಿದ್ದ. ನನ್ನ ಸಾಫ್ಟ್‌ವೇರ್ ಅವನ ದಾರಿ ತಾನ ಬಂದ್ ಮಾಡಿತ್ತು. ತೂಕದ ಕಲ್ಲು ತಗೊಂಡು ಆ ಭೋಂಗಾ ಪುಡಿ ಪುಡಿ ಆಗೂ ತನಕಾ ಜಜ್ಜಿದೆ.

ಕಾಲು ಮುರದ ಹಮಾಲನ್ನ ಮಿರಜಿನ ದವಾಖಾನ್ಯಾಗ ಸೇರಿಸಿ, ಸಂಜಿಗೆ ಸಾಂಗ್ಲಿವಾಡಿಗೆ ಹೋದೆ. ಕಾಕಾನ ತಲಿ ಒಡೀಬೇಕು ಅಂತನ ಹೋಗಿದ್ದೆ.

ಕಾಕಾ ಗ್ವಾಡಿಗೆ ಆತು ಕುಂತಿದ್ದ. ನನ್ನ ಹಲ್ಲು ನಟ್ಟ ಕೈಗೆ ಬಟ್ಟಿ ಸುತ್ತಿತ್ತು. ಮಾರಿ ಎತ್ತಲಿಲ್ಲ. "ನಿನ್ನ ಮೆಸೇಜನ ಇರ್ಲಿ," ಅಂದ.

ನಾನು ಬಾಯಿ ತೆರೆಯೂದ್ರಾಗ ಕಾಕು ನನ್ನ ಕೈ ಹಿಡದು ಅಡಗಿ ಮನಿಗೆ ಕರಕೊಂಡು ಹೋದಳು. ನನ್ನ ಬಾತ ಮಾರಿ ನೋಡಿ ಅತ್ತಳು, ಅಳಕೋತನ ನಕ್ಕಳು.

"ತಪ್ಪು ತಿಳೀಬ್ಯಾಡವಾ," ಅಂದಳು. "ಈ ಸಲ ಚೀಲ ಬಿಟ್ಟು ಬಂದಾರ."